ವೈಟ್ ಪೇಪರ್ ಮಾಡ್ಸೋಕೆ ಹೊರಟಿದ್ದೀರಾ? ನನ್ನ 7ನೇ ಪುಟದ ಕಥೆ ಕೇಳಿ

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಹೆಸರು ಹಾಕ್ಕೊಂಡು ಒಂದು ವೈಟ್ ಪೇಪರ್, ಅಂದ್ರೆ ಒಂದೇ ಸಮಸ್ಯೆ ಬಗ್ಗೆ ಆಧಾರ ಕೊಟ್ಟು ಬರೆದು ಪುಕ್ಕಟೆ ಹಂಚೋ ಪಿಡಿಎಫ್, ಹೊರಗೆ ಬಂತು. 12 ಪುಟ, ಹಸಿರು ಮುಖಪುಟ, ಮೇಲೆ ಕಾಳುಮೆಣಸಿನ ಗೊನೆ ಫೋಟೋ, ಕೆಳಗೆ ನನ್ನ ನಗುಮುಖ. ಅದರ 7ನೇ ಪುಟದಲ್ಲಿದ್ದ ಒಂದು ಸಾಲನ್ನ ನಂಬಿ ಆಲ್ದೂರು ಕಡೆ ಒಬ್ಬರು ಔಷಧಿ ಹೊಡೆದ್ರು, 18 ಬಳ್ಳಿ ಎಲೆ ಸುಟ್ಟು ಕರಕಲಾಯ್ತು. ಆ ಸಾಲು ಬರೆದೋನು ಯಾರೋ, ಹೆಸರು ಮಾತ್ರ ನಂದು.

ಈಗ ಆನ್‌ಲೈನಲ್ಲಿ ಬರೆಯೋ ನಮ್ಮಂಥೋರಿಗೆಲ್ಲ ಯಾರಾದ್ರೂ ಒಬ್ಬರು ಬಂದು "ವೈಟ್ ಪೇಪರ್ ಒಂದು ಮಾಡ್ಸಿಬಿಡಿ ಸಾರ್, ಆಮೇಲೆ ನೋಡಿ" ಅಂತ ಹೇಳ್ತಾನೇ ಇರ್ತಾರೆ, ಅದಕ್ಕೇ ಇದನ್ನ ಬರೀತಿದ್ದೀನಿ. ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ದು ಚಿಕ್ಕಮಗಳೂರು ಹತ್ರ ತೋಟ. ಎಷ್ಟು ಎಕರೆ ಅಂತ ಕೇಳ್ಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ. ಆರೇಳು ವರ್ಷದಿಂದ ಕಾಫಿ, ಮೆಣಸಿನ ಬಗ್ಗೆ ಫೋನಲ್ಲೇ ಟೈಪ್ ಮಾಡಿ ಬರೀತಾ ಬಂದೆ. ಹೂಮಳೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಏನು ಮಾಡ್ಬೇಕು, ಅರೇಬಿಕಾಕ್ಕೆ ಕಾಂಡಕೊರಕ ಬಿದ್ದಿದ್ದು ಹೇಗೆ ಗೊತ್ತಾಗುತ್ತೆ, ಇಂಥವು. ಓದೋರು ಇದ್ರು, ಫೋನ್ ಮಾಡೋರೂ ಇದ್ರು, ದುಡ್ಡು ಮಾತ್ರ ಒಂದು ಪೈಸೆ ಇಲ್ಲ. ಹೊಸದಾಗಿ ತೋಟ ಮಾಡೋರಿಗೆ ವಾರದ ಕೊನೆಗೆ ಎರಡು ದಿನದ ತರಬೇತಿ ಶುರು ಮಾಡೋಣ ಅನ್ಕೊಂಡೆ, ಅದಕ್ಕೆ ಜನ ಸೇರಿಸೋದು ಹೇಗೆ ಅಂತ ಹುಡುಕ್ತಿದ್ದಾಗ ಸಿಕ್ಕಿದ್ದು ಬೆಂಗಳೂರಿನ ಒಂದು ಮಾರ್ಕೆಟಿಂಗ್ ಏಜೆನ್ಸಿ. ಹೆಸರು ಹಾಕಲ್ಲ, ಕೇಳ್ಬೇಡಿ.

ಅವರು ಹೇಳಿದ ಲೆಕ್ಕ ತಪ್ಪೇನಿರ್ಲಿಲ್ಲ, ಇವತ್ತಿಗೂ ನಾನು ಅದನ್ನ ಒಪ್ತೀನಿ. ದಿನಾ ಬರೆಯೋ ಬರಹ ಜನ ಓದ್ತಾರೆ, ಮರೀತಾರೆ. ಅದೇ ಒಂದು ಸಮಸ್ಯೆ ಇಟ್ಕೊಂಡು, ಅದರ ಬುಡದಿಂದ ತುದಿವರೆಗೂ ವಿಚಾರಿಸಿ, ಆಧಾರ ಕೊಟ್ಟು, ಹತ್ತು ಹನ್ನೆರಡು ಪುಟದ ಪಿಡಿಎಫ್ ಮಾಡಿ ಪುಕ್ಕಟೆ ಕೊಟ್ರೆ ಜನ ಅದನ್ನ ಇಟ್ಕೊಳ್ತಾರೆ, ಇನ್ನೊಬ್ಬರಿಗೆ ಕಳಿಸ್ತಾರೆ, ಬರೆದೋನು ವಿಷಯ ಗೊತ್ತಿರೋನು ಅಂತ ನಂಬ್ತಾರೆ. ಇದರಲ್ಲಿ ಮಾರೋ ಮಾತು ಇರ್ಬಾರ್ದು, ಇದ್ರೂ ಕೊನೆಯಲ್ಲಿ ನಾಲ್ಕು ಸಾಲು ಅಷ್ಟೆ, ಇಲ್ಲಾಂದ್ರೆ ಅದು ಗೊಬ್ಬರದಂಗಡಿ ಪಾಂಪ್ಲೆಟ್ ಆಗೋಗುತ್ತೆ. ಇಷ್ಟೂ ಸರಿನೇ.

ಅಪ್ಪನಿಗೆ ಹೇಳಿದ್ರೆ "ಶ್ವೇತಪತ್ರ ಹೊರಡ್ಸಕ್ಕೆ ನೀನೇನು ಸರ್ಕಾರನೇನೋ?" ಅಂತ ನಕ್ಕಿದ್ರು. ನಮಗೆಲ್ಲ ಶ್ವೇತಪತ್ರ ಅಂದ್ರೆ ವಿಧಾನಸಭೆಲಿ ವಿರೋಧ ಪಕ್ಷದೋರು ಎದ್ದು ನಿಂತು ಕೇಳೋದು ತಾನೇ. ಮೂಲ ಬ್ರಿಟಿಷ್ ಪಾರ್ಲಿಮೆಂಟಿಂದು, ದಪ್ಪ ವರದಿಗೆ ನೀಲಿ ರಟ್ಟು, ಚಿಕ್ಕದಕ್ಕೆ ಬಿಳಿ ಹಾಳೆ ಹೊದಿಕೆ, ಅದರಿಂದ ಬಂದ ಹೆಸರು, 1922ರಲ್ಲಿ ಪ್ಯಾಲೆಸ್ಟೈನ್ ವಿಷಯಕ್ಕೆ ಚರ್ಚಿಲ್ ಹೊರಡ್ಸಿದ್ದು ತುಂಬಾ ಫೇಮಸ್ಸು. ನಮ್ಮಲ್ಲೂ 1948ರಲ್ಲಿ ಹೈದರಾಬಾದ್ ಬಗ್ಗೆ, 2012ರಲ್ಲಿ ಕಪ್ಪುಹಣದ ಬಗ್ಗೆ, 2024ರ ಫೆಬ್ರವರಿಯಲ್ಲಿ ಆರ್ಥಿಕತೆ ಬಗ್ಗೆ ಕೇಂದ್ರ ಸರ್ಕಾರ ಹೊರಡ್ಸಿದೆ. ಕಂಪನಿಗಳು ಈ ಹೆಸರು ಎತ್ಕೊಂಡಿದ್ದು ಆಮೇಲೆ. ಅಪ್ಪ ನಕ್ಕಿದ್ರಲ್ಲೇ ವಿಷಯ ಇತ್ತು, ನಂಗೆ ಆಗ ಹೊಳೀಲಿಲ್ಲ. ಆ ಹೆಸರು ಕೇಳಿದ ಕೂಡ್ಲೇ ಜನ "ಇದು ಪರೀಕ್ಷೆ ಮಾಡಿದ್ದು" ಅಂತ ಅರ್ಧ ನಂಬ್ಬಿಡ್ತಾರೆ. ನನ್ನ ಮಾಮೂಲಿ ಬರಹ ಓದಿದೋರು ಪಕ್ಕದ ತೋಟದೋರನ್ನ ಒಂದು ಮಾತು ಕೇಳಿ ಮಾಡ್ತಾರೆ, ವೈಟ್ ಪೇಪರ್ ಓದಿದೋರು ಹಾಗೆ ಕೇಳಲ್ಲ.

35,000 ರೂಪಾಯಿಗೆ ಒಪ್ಪಂದ ಆಯ್ತು. ವಿಷಯ ನಾನೇ ಆರಿಸಿದ್ದು, ಮೆಣಸಿನ ಶೀಘ್ರ ಸೊರಗು ರೋಗ. ಮಲ್ನಾಡಲ್ಲಿ ಮೆಣಸು ಇಟ್ಟೋರಿಗೆಲ್ಲ ಇದು ಗೊತ್ತು. ಮಳೆ ಹಿಡಿದ ಮೇಲೆ ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ರೋಗಾಣು ಎಲೆಗೋ ಬೇರಿಗೋ ಹತ್ಕೊಳ್ಳುತ್ತೆ, ಎಲೆ ಮೇಲೆ ಕಪ್ಪು ಮಚ್ಚೆ, ಆಮೇಲೆ ಬುಡ ಕೊಳೆತು ನೋಡ್ತಾ ನೋಡ್ತಾ ಇಡೀ ಬಳ್ಳಿ ಬೋಳು. ಅದಕ್ಕೇ ಮುಂಗಾರು ಹಿಡಿಯೋ ಮುಂಚೆ ಒಂದು ಸಲ ಬೋರ್ಡೋ, ಅಂದ್ರೆ ಮೈಲುತುತ್ತ (ಕಾಪರ್ ಸಲ್ಫೇಟ್) ಸುಣ್ಣ ಕಲಸಿದ ದ್ರಾವಣ, ಹೊಡೀತೀವಿ, ಮಳೆ ನಡುವೆ ಬಿಡುವು ಸಿಕ್ಕಾಗ ಇನ್ನೊಂದ್ಸಲ.

ನಾನು ಕೈಯಲ್ಲಿ ಬರೆದು ಕೊಟ್ಟಿದ್ದು 19 ಪುಟ. ಅದರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಕತ್ತಿ ಪರೀಕ್ಷೆ. ಬೋರ್ಡೋ ಮಾಡಿದ ಮೇಲೆ ಅದರಲ್ಲಿ ಹೊಳೆಯೋ ಕತ್ತಿನೋ ಬ್ಲೇಡೋ ಸ್ವಲ್ಪ ಹೊತ್ತು ಅದ್ದಿ ತೆಗೀಬೇಕು. ಕಬ್ಬಿಣದ ಮೇಲೆ ತುಕ್ಕಿನ ಥರ ಕೆಂಪು ಹತ್ತಿದ್ರೆ ಮೈಲುತುತ್ತ ಜಾಸ್ತಿ ಆಗಿದೆ ಅಂತ, ಇನ್ನಷ್ಟು ಸುಣ್ಣದ ತಿಳಿ ಹಾಕ್ಬೇಕು, ಕತ್ತಿ ಹಾಗೇ ಹೊಳೀತಾ ಬಂದ್ರೆ ಹೊಡೀಬಹುದು. ನಮ್ಮಜ್ಜನೂ ಹಂಗೇ ನೋಡ್ತಿದ್ದಿದ್ದು. ಈ ಪ್ಯಾರಾನ ಏಜೆನ್ಸಿಯೋರು ತೆಗೆದೇಬಿಟ್ರು! ಕೇಳಿದ್ರೆ "ಪ್ರೊಫೆಷನಲ್ ಆಗಿ ಕಾಣಲ್ಲ ಸಾರ್" ಅಂತೆ. ಅದರ ಜಾಗದಲ್ಲಿ ಒಂದು ದುಂಡನೆ ಚಾರ್ಟು, ಬೆಳೆಗಾರರಲ್ಲಿ ನೂರಕ್ಕೆ ಇಷ್ಟು ಜನ ಹೀಗೆ ಮಾಡ್ತಾರೆ, ಇಷ್ಟು ಜನ ಹಾಗೆ ಮಾಡ್ತಾರೆ ಅಂತ, ದಶಮಾಂಶದ ಸಮೇತ. ಈ ಲೆಕ್ಕ ಎಲ್ಲಿಂದ ಬಂತು ಅಂದ್ರೆ "ಇಂಡಸ್ಟ್ರಿ ಡೇಟಾ" ಅಂದ್ರು. ಯಾವ ಇಂಡಸ್ಟ್ರಿ, ಯಾರು ಎಣಿಸಿದ್ದು, ಯಾವ ತೋಟಕ್ಕೆ ಹೋಗಿ ಕೇಳಿದ್ದು? ಉತ್ತರ ಇಲ್ಲ. ಅಲ್ಲೇ ನಾನು ನಿಲ್ಲಿಸ್ಬೇಕಿತ್ತು. ಆದ್ರೆ ಅರ್ಧ ದುಡ್ಡು ಕೊಟ್ಟಾಗಿತ್ತು, ಡಿಸೈನ್ ಬೇರೆ ಚೆನ್ನಾಗಿ ಕಾಣ್ತಿತ್ತು, ನಿಜ ಹೇಳ್ಬೇಕು ಅಂದ್ರೆ ಮುಖಪುಟದಲ್ಲಿ ನನ್ನ ಫೋಟೋ ನೋಡಿ ನಾನೇ ಸ್ವಲ್ಪ ಉಬ್ಬಿದ್ದೆ.

ಕೊನೇ ಪ್ರೂಫ್ ಬಂದಿದ್ದು ರಾತ್ರಿ, ಬೆಳಿಗ್ಗೆ ಹೊರಡ್ಸಬೇಕು, ಮಳೆ ಹತ್ರ ಬಂತು ಅಂತ ಅವಸರ. ನಾಲ್ಕು ಪುಟ ಓದಿದೆ, ಉಳಿದಿದ್ದು ನಾನು ಬರೆದಿದ್ದೇ ಅಲ್ವಾ ಅಂತ ಓಕೆ ಅಂದ್ಬಿಟ್ಟೆ.

7ನೇ ಪುಟಕ್ಕೆ ಬರ್ತೀನಿ. ಎಲೆಗೆ ಹೊಡೆಯೋ ಬೋರ್ಡೋ ಶೇ 1ರದ್ದು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ 50 ಲೀಟರಲ್ಲಿ ಬೇರೆ, ಸುಣ್ಣ 50 ಲೀಟರಲ್ಲಿ ಬೇರೆ ಕಲಸಿ ಆಮೇಲೆ ಸೇರಿಸೋದು. ಗಾಯ ಆದ ಕಡೆ, ಕಾಂಡಕ್ಕೆ ಬ್ರಶ್ಶಲ್ಲಿ ಬಳಿಯೋ ಪೇಸ್ಟ್ ಇದೆಯಲ್ಲ, ಅದಕ್ಕೆ ಅಷ್ಟೇ ಮೈಲುತುತ್ತ, ಅಷ್ಟೇ ಸುಣ್ಣ, ಆದ್ರೆ ನೀರು 10 ಲೀಟರ್ ಮಾತ್ರ. ನಾನು ಎರಡನ್ನೂ ಬರೆದಿದ್ದೆ. ಏಜೆನ್ಸಿಲಿ ಕೂತು ಅದನ್ನ ಚಿಕ್ಕದು ಮಾಡಿದ ಹುಡುಗ ಮೆಣಸಿನ ಬಳ್ಳಿ ನೋಡಿದ್ನೋ ಇಲ್ವೋ ದೇವರಿಗೇ ಗೊತ್ತು, ಎರಡು ಅಳತೆ ಯಾಕೆ ಅಂತ ಒಂದು ತೆಗೆದ, ತೆಗೆದಿದ್ದು ಮೊದಲನೇದು. ಹಾಗಾಗಿ "ಸಿಂಪಡಿಸಲು" ಅನ್ನೋ ತಲೆಬರಹದ ಕೆಳಗೆ 10 ಲೀಟರ್ ಅಂತ ಅಚ್ಚಾಯ್ತು. ಹತ್ತು ಪಟ್ಟು ಗಟ್ಟಿ.

ಹಳೇ ಬೆಳೆಗಾರರು ಯಾರೂ ಇದನ್ನ ನಂಬಲ್ಲ, ಓದಿ ನಗ್ತಾರೆ ಅಷ್ಟೆ. ಆದ್ರೆ ನನ್ನ ತರಬೇತಿಗೆ ಬೇಕಾಗಿದ್ದೋರು ಹೊಸಬರು ಅಲ್ವಾ, ಪೇಪರ್ ಹೋಗಿ ತಲುಪಿದ್ದೂ ಅವರಿಗೇ. ಆಲ್ದೂರಿನವರು ಕಂಪ್ಯೂಟರ್ ಕೆಲಸ ಬಿಟ್ಟು ಊರಿಗೆ ಬಂದು ಮೂರು ವರ್ಷ ಆಗಿತ್ತು. ಪಿಡಿಎಫ್ ನೋಡ್ಕೊಂಡು ಚಿಕ್ಕ ಡ್ರಮ್ಮಲ್ಲಿ 50 ಲೀಟರ್ ನೀರಿಗೆ 5 ಕೆಜಿ ಮೈಲುತುತ್ತ, 5 ಕೆಜಿ ಸುಣ್ಣ ಕಲಸಿದ್ರಂತೆ. ಪುಣ್ಯಕ್ಕೆ ನಾಝಲ್ ಪದೇ ಪದೇ ಕಟ್ಕೊಳ್ತಿತ್ತು, ಬಿಚ್ಚಿ ತೊಳೆದು ಹೊಡೆದು ಬಿಚ್ಚಿ ತೊಳೆದು ಹೊಡೆದು, ಮಧ್ಯಾಹ್ನದೊಳಗೆ 18 ಬಳ್ಳಿ ಅಷ್ಟೇ ಮುಗಿದಿದ್ದು. ಊಟ ಮುಗಿಸಿ ಬಂದ ವಯಸ್ಸಾದ ಆಳು ಡ್ರಮ್ಮೊಳಗೆ ಕೋಲು ತಿರುಗಿಸಿ ನೋಡಿ "ಇದು ಬಳಿಯೋದಲ್ವಾ ಅಣ್ಣ, ಹೊಡೆಯೋದಲ್ಲವಲ್ಲ" ಅಂದ್ನಂತೆ. ಉಳಿದಿದ್ದನ್ನ ಅವತ್ತೇ ಸಂಜೆ ಒಳಗೆ ಬಳ್ಳಿ ಬುಡಕ್ಕೆ ಬಳಿದು ಮುಗಿಸಿದ್ರು, ಬೋರ್ಡೋ ಮಾಡಿದ ದಿನವೇ ಖಾಲಿ ಆಗ್ಬೇಕಲ್ಲ.

ಅವರು ನಂಗೆ ಫೋನ್ ಮಾಡಿದಾಗ ಬೈಯ್ಲಿಲ್ಲ. ಬೈದಿದ್ರೆ ವಾಸಿ ಇತ್ತು. "ನೀವು ಬರೆದಿದ್ದು ಅಂತ ಮಾಡ್ದೆ" ಅಂದ್ರು ಅಷ್ಟೆ. ಮಾರನೇ ದಿನ ಹೋಗಿ ನೋಡ್ದೆ, ಎಲೆ ಎಲ್ಲ ಅಂಚಿಂದ ಒಳಗೆ ಸುಟ್ಟು ಸುರುಳಿ ಸುತ್ಕೊಂಡಿದೆ, ಮೇಲೆ ನೀಲಿ ಗಾರೆ ಬಳಿದ ಹಾಗೆ. ಏಳೆಂಟು ಬಳ್ಳಿ ಮತ್ತೆ ಚಿಗುರ್ತು, ಉಳಿದಿದ್ದರ ದುಡ್ಡು ನಾನು ಕೊಡ್ತೀನಿ ಅಂದೆ, ತಗೊಳ್ಳಲಿಲ್ಲ.

ಏಜೆನ್ಸಿಗೆ ಹೇಳ್ದೆ. "ಟೈಪೋ ಸಾರ್, ಹೊಸ ವರ್ಷನ್ ಅಪ್‌ಲೋಡ್ ಮಾಡ್ತೀವಿ" ಅಂದ್ರು, ಮಾಡಿದ್ರು ಕೂಡ. ಇಲ್ಲಿ ಕೇಳಿ, ಇದೇ ನಾನು ಹೇಳ್ಬೇಕಾಗಿದ್ದು. ನಮ್ಮ ಮಾಮೂಲಿ ಬರಹದಲ್ಲಿ ತಪ್ಪಾದ್ರೆ ಎರಡು ನಿಮಿಷದಲ್ಲಿ ತಿದ್ತೀವಿ, ಮುಂದೆ ಓದೋರಿಗೆ ಸರಿಯಾದ್ದೇ ಸಿಗುತ್ತೆ. ಪಿಡಿಎಫ್ ಬಿಟ್ಟ ಬಾಣ. ಅಷ್ಟೊತ್ತಿಗಾಗಲೇ ಮೂಡಿಗೆರೆ, ಕೊಪ್ಪ, ಸಕಲೇಶಪುರದ ವಾಟ್ಸಾಪ್ ಗ್ರೂಪಲ್ಲೆಲ್ಲ ಹಳೇದು ತಿರುಗ್ತಿತ್ತು. ಜನರಿಗೆ ಯಾವುದು ಹಳೇದು ಯಾವುದು ಹೊಸದು ಅಂತ ಹೇಗೆ ಗೊತ್ತಾಗ್ಬೇಕು, ಮುಖಪುಟ ಎರಡಕ್ಕೂ ಒಂದೇ, ತಾರೀಖಿಲ್ಲ, ವರ್ಷನ್ ನಂಬರ್ ಇಲ್ಲ. ತಾರೀಖು ಹಾಕಿದ್ರೆ ಮುಂದಿನ ವರ್ಷ ಹಳೇದಾಗಿ ಕಾಣುತ್ತೆ ಅಂತ ಏಜೆನ್ಸಿಯೋರೇ ಬೇಡ ಅಂದಿದ್ರು.

ಇನ್ನೊಂದು ತಮಾಷೆ. ಡಿಸೈನ್ ಮಾಡಿದೋರು ಕನ್ನಡನ ಹಳೇ ನುಡಿ ಫಾಂಟಲ್ಲಿ ಕೂರಿಸಿದ್ರು, ಈಗ ಫೋನಲ್ಲೂ ಕಂಪ್ಯೂಟರಲ್ಲೂ ಎಲ್ಲರೂ ಬಳಸೋ ಯೂನಿಕೋಡಲ್ಲಿ ಹಾಕಿದ್ರೆ ಅವರ ಸಾಫ್ಟ್‌ವೇರಲ್ಲಿ ಒತ್ತಕ್ಷರ ಒಡೆಯುತ್ತಂತೆ. ಕಣ್ಣಿಗೆ ಚೆನ್ನಾಗೇ ಕಾಣುತ್ತೆ. ಆದ್ರೆ ಪಿಡಿಎಫ್ ಒಳಗೆ "ಸುಣ್ಣ" ಅಂತ ಹುಡುಕಿದ್ರೆ ಒಂದೂ ಸಿಗಲ್ಲ, ಕಾಪಿ ಮಾಡಿ ಬೇರೆ ಕಡೆ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕಿ ಕೊಕ್ಕೆ ಬರುತ್ತೆ, ಗೂಗಲ್ಲಿಗಂತೂ ಅದು ಕನ್ನಡ ಅಂತಲೇ ಗೊತ್ತಾಗಲ್ಲ. ಹುಡುಕಿದ್ರೆ ಜನ ಬರ್ತಾರೆ ಅಂತ ಮಾಡ್ಸಿದ ಮಾರ್ಕೆಟಿಂಗ್ ಪೇಪರ್ ಹುಡುಕಿದ್ರೇ ಸಿಗಲ್ಲ.

ಆಮೇಲೆ ಆ ಫಾರಂ. ಪೇಪರ್ ಬೇಕು ಅಂದ್ರೆ ಮೊದಲು ಹೆಸರು, ಫೋನ್ ನಂಬರ್, ಊರು, ಎಷ್ಟು ಎಕರೆ ತುಂಬ್ಬೇಕು. ಮಾರಾಯ್ರೆ, ಒತ್ತುವರಿ ಗಲಾಟೆ ಇರೋ ನಮ್ಮ ಜಿಲ್ಲೆಲಿ ಯಾರನ್ನಾದ್ರೂ ಎಕರೆ ಲೆಕ್ಕ ಕೇಳ್ತಾರಾ! ಅರ್ಧ ಜನ ಅಲ್ಲೇ ಓಡಿದ್ರು, ಕೆಲವರು ಸೊನ್ನೆ ಅಂತ ಹಾಕಿದ್ರು, ಒಬ್ಬರು 9999 ಹಾಕಿದ್ರು. ತುಂಬಿದೋರಿಗೆ ಎರಡು ವಾರದಲ್ಲಿ ಸಾಲ ಬೇಕಾ, ಸೈಟು ಬೇಕಾ, ಗೊಬ್ಬರ ಬೇಕಾ ಅಂತ ಫೋನು ಶುರು. ಚಿಕ್ಕಮಗಳೂರಲ್ಲಿ ಒಂದು ಮದುವೆ ಊಟದ ಪಂಕ್ತಿಲೇ ನಮ್ಮ ದೂರದ ನೆಂಟರೊಬ್ಬರು ಎಲ್ಲರ ಮುಂದೆ "ನಮ್ಮ ನಂಬರ್ ಎಷ್ಟಕ್ಕೆ ಮಾರ್ದೆ?" ಅಂತ ಕೇಳಿದ್ರು, ಹೋಳಿಗೆ ಗಂಟ್ಲಲ್ಲೇ ನಿಂತ್ಕೊಳ್ತು. ನಾನು ಮಾರಿಲ್ಲ. ಆದ್ರೆ ಒಪ್ಪಂದದ ಆರನೇ ಪುಟದಲ್ಲಿ "ಪಾಲುದಾರ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಬಹುದು" ಅಂತ ಒಂದು ಸಾಲಿತ್ತು, ಕೆಳಗೆ ನನ್ನ ಸೈನೂ ಇತ್ತು. ಯಾವ ಕೆಲಸಕ್ಕೆ ಅಂತ ಹೇಳಿ ಒಪ್ಪಿಗೆ ತಗೊಂಡ್ರೋ ಆ ಕೆಲಸಕ್ಕೆ ಮಾತ್ರ ಜನರ ಮಾಹಿತಿ ಬಳಸ್ಬೇಕು ಅಂತ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆನೇ ಬಂದಿದೆ, ಅದನ್ನ ನಾನು ಓದಿದ್ದು ಎಲ್ಲ ಆದ ಮೇಲೆ.

ಅಷ್ಟಕ್ಕೂ ಫಾರಂ ಬೇಕಾ? ಬಿಟ್‌ಕಾಯಿನ್ ವೈಟ್ ಪೇಪರ್ 2008ರಲ್ಲಿ ಬಂದಾಗ ಬರೀ 9 ಪುಟ, ಚಾರ್ಟಿನ ಅಬ್ಬರ ಇಲ್ಲ, ಬರೆದೋರ ಫೋಟೋನೂ ಇಲ್ಲ, ಯಾರು ಬೇಕಾದ್ರೂ ಓದ್ಬಹುದಿತ್ತು. ಲೋಕ ಎಲ್ಲ ಓಡಾಡ್ತು.

ತರಬೇತಿಗೆ ಎಷ್ಟು ಜನ ಬಂದ್ರು ಅಂತ ಕೇಳ್ತೀರಾ, 3 ಜನ. ಅದರಲ್ಲಿ ಇಬ್ಬರು ನನ್ನ ಹಳೇ ಬರಹ ಓದ್ತಿದ್ದೋರು.

ಈ ಸಲ ನಾನೇ ಕೂತು ಮಾಡಿದ್ದೀನಿ, 4 ಪುಟ, ಯೂನಿಕೋಡು, ಫಾರಂ ಇಲ್ಲ. ಪ್ರತಿ ಪುಟದ ಕೆಳಗೆ ತಾರೀಖು, ವರ್ಷನ್ ನಂಬರು. ಅಳತೆಗಳನ್ನ ಕೊಡಗಿನ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದ ಶಿಫಾರಸಿನ ಜೊತೆ ಹಿಡಿದು ನೋಡಿ, ಆಮೇಲೆ ಅಪ್ಪನ ಕೈಲೂ ನಮ್ಮ ತೋಟದ ಲೆಕ್ಕ ಬರೆಯೋ ರೈಟರ ಕೈಲೂ ಗಟ್ಟಿಯಾಗಿ ಓದಿಸ್ದೆ. ರೈಟರು "ಲೀಟರ್ ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕಿ" ಅಂದ್ರು, ಹಾಕ್ದೆ. ಕತ್ತಿ ಪರೀಕ್ಷೆ ಮೊದಲನೇ ಪುಟದಲ್ಲೇ ಇದೆ. ನೀವು ಯಾರ ಕೈಲಾದ್ರೂ ಮಾಡ್ಸೋದಾದ್ರೆ ಕೊನೇ ಪ್ರೂಫಿಗೆ ಮೂರು ದಿನ ಬೇಕು ಅಂತ ಮೊದಲೇ ಬರೆಸ್ಕೊಳ್ಳಿ, ಫೋನ್ ನಂಬರ್‌ಗಳು ಯಾರ ಹತ್ರ ಇರುತ್ತೆ ಅಂತ ಕೇಳಿ, ಪ್ರತಿ ಅಂಕಿಗೂ ಇದು ಎಲ್ಲಿಂದ ಬಂತು ಅಂತ ಕೇಳಿ, ತಡವರಿಸಿದ್ರೆ ಅಡ್ವಾನ್ಸ್ ಹೋದ್ರೂ ಪರವಾಗಿಲ್ಲ ಎದ್ದು ಬನ್ನಿ.

ಇನ್ನೊಂದು ಉಪಕಾರ ಮಾಡಿ. ಮೇ ಬಂತು ಅಂದ್ರೆ ಹಳೇದು ಮತ್ತೆ ತಿರುಗೋಕೆ ಶುರು ಆಗುತ್ತೆ. ಹಸಿರು ಮುಖಪುಟ, ಮೆಣಸಿನ ಗೊನೆ, ಕೆಳಗೆ ಒಬ್ಬ ನಗ್ತಾ ನಿಂತಿರೋ 12 ಪುಟದ ಪಿಡಿಎಫ್ ನಿಮ್ಮ ಗ್ರೂಪಿಗೆ ಬಂದ್ರೆ 7ನೇ ಪುಟ ತೆಗೆದು ನೋಡಿ. ಸಿಂಪಡಿಸೋದಕ್ಕೆ 10 ಲೀಟರ್ ಅಂತಿದ್ರೆ ಅಳಿಸಿಬಿಡಿ, ಕಳಿಸಿದೋರಿಗೂ 100 ಲೀಟರ್ ಅಂತ ಒಂದು ಮಾತು ಹೇಳ್ಬಿಡಿ.