ನಿವೃತ್ತ ಸೇನಾಧಿಕಾರಿಗಳ ನಾಯಕತ್ವ ತರಬೇತಿ: ಯಾವುದಕ್ಕೆ ದುಡ್ಡು ಕೊಡಬಹುದು?

ಕಂಪನಿಗಳಿಗೆ ನಿವೃತ್ತ ಸೇನಾಧಿಕಾರಿಗಳು ನಡೆಸಿಕೊಡುವ ತರಬೇತಿಗಳಲ್ಲಿ ಹಗ್ಗದಾಟ, ಬೆಳಗಿನ ಡ್ರಿಲ್, ಗಡಿಯ ಕಥೆಗಳಿಗೆ ಕೊಡುವ ದುಡ್ಡು ದಂಡ. ಕಾಸಿಗೆ ತಕ್ಕ ಕಜ್ಜಾಯ ಸಿಗುವುದು 'ಆಫ್ಟರ್ ಆ್ಯಕ್ಷನ್ ರಿವ್ಯೂ' ಭಾಗದಲ್ಲಿ, ಅಂದರೆ ಕೆಲಸ ಮುಗಿದ ಮೇಲೆ ತಂಡ ಕೂತು ಮಾಡುವ ಪರಾಮರ್ಶೆಯಲ್ಲಿ.

ಅಮೆರಿಕದ ಸೇನೆ 1970ರ ದಶಕದಲ್ಲಿ ರೂಪಿಸಿದ ವಿಧಾನವಿದು. ನಾಲ್ಕೇ ಪ್ರಶ್ನೆ: ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ. ಒಂದು ಗಂಟೆಯ ಸಭೆಯಾದರೆ ಮೊದಲೆರಡಕ್ಕೆ 15 ನಿಮಿಷ, ಮೂರನೆಯದಕ್ಕೆ 15, ಉಳಿದ ಅರ್ಧ ಗಂಟೆ ಕೊನೆಯದಕ್ಕೆ. ನಮ್ಮ ಕಚೇರಿಗಳಲ್ಲಿ ಇದು ತಲೆಕೆಳಗು. 'ಯಾರ ತಪ್ಪು' ಎಂಬಲ್ಲೇ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮ್ಯಾನೇಜರ್ ಮೊದಲು ಬಾಯಿ ತೆರೆದರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ. ಹಾಗಾಗಿ ಕಿರಿಯರಿಂದ ಶುರುವಾಗಬೇಕು, ಮ್ಯಾನೇಜರ್ ಮಾತು ಕೊನೆಗೆ. ಇಲ್ಲಿ ಒಪ್ಪಿಕೊಂಡ ತಪ್ಪು ಅಪ್ರೈಸಲ್‌ನಲ್ಲಿ ಕಾಣಿಸಿಕೊಂಡಿತೋ, ಮುಂದಿನ ಸಭೆಯಲ್ಲಿ ಎಲ್ಲರೂ ಮೌನಿಬಾಬಾಗಳೇ. ಪ್ರತಿ ನಿರ್ಧಾರದ ಎದುರು ಒಬ್ಬರ ಹೆಸರು, ಒಂದು ತಾರೀಖು ಬರೆಯದಿದ್ದರೆ ಸಭೆ ನಡೆದೂ ನಡೆಯದ ಹಾಗೆ.

'ಕಮಾಂಡರ್ಸ್ ಇಂಟೆಂಟ್', ಅಂದರೆ ಆದೇಶ ಕೊಡುವವರು ತಮಗೇನು ಬೇಕೆಂದು ಮೊದಲೇ ಸ್ಪಷ್ಟವಾಗಿ ಹೇಳುವ ಪಾಠವೂ ಚೆನ್ನ: ಉದ್ದೇಶ, ಮುಖ್ಯ ಕೆಲಸಗಳು, ಕೊನೆಗೆ ಕಾಣಬೇಕಾದ ಸ್ಥಿತಿ. ಮೂರನ್ನೂ ಬರೆದುಕೊಟ್ಟರೆ ಯೋಜನೆ ಹಳಿ ತಪ್ಪಿದಾಗ ತಂಡ ಮೇಲಿನವರ ಫೋನಿಗೆ ಕಾಯಬೇಕಿಲ್ಲ. 'ಮಾರಾಟ ಹೆಚ್ಚಿಸಿ' ಎಂದರೆ ಸಾಲದು. 'ದಸರೆಯೊಳಗೆ ಮೈಸೂರಿನ ಹಳೇ ಡೀಲರ್‌ಗಳೆಲ್ಲ ಮತ್ತೆ ಆರ್ಡರ್ ಕೊಡುತ್ತಿರಬೇಕು' ಎನ್ನಬೇಕು.

ಶಿಸ್ತಿನ ಭಾಷಣ ಬಿಟ್ಟುಬಿಡಿ. ಎಂಜಿನಿಯರ್ ನೋಟಿಸ್ ಅವಧಿ ಮುಗಿಸಿ ಎದುರಾಳಿ ಕಂಪನಿಗೆ ಹೋಗಬಲ್ಲ, ಸೈನಿಕನಿಗೆ ಆ ದಾರಿಯಿಲ್ಲ. ಬುಕ್ ಮಾಡುವ ಮೊದಲು ಕೇಳಿ: ನಿಮ್ಮದೇ ಮುಗಿದ ಪ್ರಾಜೆಕ್ಟ್ ಇಟ್ಟುಕೊಂಡು ರಿವ್ಯೂ ನಡೆಸಿಕೊಡುತ್ತಾರೆಯೇ? ಇಲ್ಲ ಎಂದರೆ ಬೇಡ.