ಅಲರ್ಟ್ ಎಲ್ಲಿ ಬರೆಯುವುದು: ಪ್ರೊಮಿಥಿಯಸ್‌ನಲ್ಲೋ, ಗ್ರಫಾನಾದಲ್ಲೋ?

ಪ್ರೊಮಿಥಿಯಸ್ ಅಂದರೆ ಸರ್ವರ್‌ಗಳ ಮೆಟ್ರಿಕ್ಸ್ (ಸಿಪಿಯು ಬಳಕೆಯಂಥ ಅಳತೆಗಳು) ಸಂಗ್ರಹಿಸುವ ಟೂಲ್. ಗ್ರಫಾನಾ ಅಂದರೆ ಬೇರೆ ಬೇರೆ ಕಡೆಯ ಡೇಟಾವನ್ನು ಗ್ರಾಫ್ ಮಾಡಿ ತೋರಿಸುವ ಟೂಲ್. ಏನಾದರೂ ಕೆಟ್ಟಾಗ ಎಚ್ಚರಿಸುವ ಅಲರ್ಟ್ ಅನ್ನು ಎರಡರಲ್ಲೂ ಬರೆಯಬಹುದು. ನಿಮ್ಮ ಮೆಟ್ರಿಕ್ಸ್ ಎಲ್ಲಾ ಪ್ರೊಮಿಥಿಯಸ್‌ನಲ್ಲೇ ಇದ್ದರೆ ಅಲರ್ಟ್ ರೂಲ್‌ಗಳನ್ನೂ ಅಲ್ಲೇ ಬರೆಯಿರಿ. ರೂಲ್‌ಗಳು ಇರುವುದು ಯಾಮಲ್ ಫೈಲ್‌ನಲ್ಲಿ, ಅಂದರೆ ಸರಳ ಪಠ್ಯದ ಸೆಟ್ಟಿಂಗ್ ಫೈಲ್‌ನಲ್ಲಿ. ಗಿಟ್‌ನಲ್ಲಿಟ್ಟರೆ ಯಾರು ಏನು ಬದಲಾಯಿಸಿದರು ಅಂತ ಗೊತ್ತಾಗುತ್ತದೆ. ಗ್ರಫಾನಾ ನಿಂತುಹೋದರೂ ಅಲರ್ಟ್ ಬರುತ್ತದೆ, ನನಗೆ ಅದೇ ದೊಡ್ಡ ವಿಷಯ. ಆದರೆ ಮೆಸೇಜ್ ಕಳಿಸಲು ಅಲರ್ಟ್‌ಮ್ಯಾನೇಜರ್ ಅನ್ನುವ ಇನ್ನೊಂದು ಪ್ರೋಗ್ರಾಂ ಅನ್ನು ಬೇರೆಯಾಗಿ ನಡೆಸಬೇಕು.

ಲಾಗ್ ಲೋಕಿಯಲ್ಲಿ (ಲಾಗ್ ಕೂಡಿಡುವ ಟೂಲ್), ಆರ್ಡರ್ ಲೆಕ್ಕ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ, ಹೀಗೆ ಡೇಟಾ ಹಂಚಿಹೋಗಿದೆಯಾ? ಆಗ ಗ್ರಫಾನಾನೇ ಸರಿ. ಒಂದೇ ರೂಲ್‌ನಲ್ಲಿ ಎರಡು ಡೇಟಾ ಸೋರ್ಸ್‌ಗಳ (ಡೇಟಾ ಬರುವ ಕಡೆಗಳ) ಕ್ವೆರಿ ಸೇರಿಸಬಹುದು. ಸೋರ್ಸ್ ಜೋಡಿಸುವುದೂ ಸುಲಭ: ವಿಳಾಸ ಕೊಟ್ಟು ಟೆಸ್ಟ್ ಮಾಡಿದರೆ ಆಯ್ತು. ಪ್ರೋಗ್ರಾಂಗಳನ್ನು ಕಂಟೈನರ್ ಅನ್ನುವ ಪ್ರತ್ಯೇಕ ಡಬ್ಬಗಳಲ್ಲಿ ನಡೆಸುವ ಡಾಕರ್ ಬಳಸುವವರು ಮಾತ್ರ ಸ್ವಲ್ಪ ನೋಡಿಕೊಳ್ಳಿ. ಪ್ರೊಮಿಥಿಯಸ್‌ನ ವಿಳಾಸವಾಗಿ ಲೋಕಲ್‌ಹೋಸ್ಟ್:9090 (‘ಇದೇ ಯಂತ್ರ’ ಅಂತ ಅರ್ಥ) ಅಂತ ಕೊಟ್ಟರೆ ಗ್ರಫಾನಾ ತನ್ನ ಕಂಟೈನರ್ ಒಳಗೇ ಹುಡುಕುತ್ತದೆ. ಎರಡೂ ಕಂಟೈನರ್‌ಗಳನ್ನು ಒಂದೇ ಡಾಕರ್ ನೆಟ್‌ವರ್ಕ್‌ಗೆ ಹಾಕಿ, ಲೋಕಲ್‌ಹೋಸ್ಟ್ ಬದಲು ಪ್ರೊಮಿಥಿಯಸ್ ಕಂಟೈನರ್‌ನ ಹೆಸರು ಕೊಡಿ.

ಷರತ್ತು ಇಷ್ಟು ಹೊತ್ತು ನಿಜವಾಗಿದ್ದರೆ ಮಾತ್ರ ಅಲರ್ಟ್ ಕಳಿಸು ಅನ್ನುವ ಸೌಲಭ್ಯ ಎರಡರಲ್ಲೂ ಇದೆ. ವ್ಯತ್ಯಾಸ ಇರುವುದು ಡೇಟಾನೇ ಬರದಿದ್ದಾಗ. ಗ್ರಫಾನಾ ‘ನೋ ಡೇಟಾ’ ಅಂತ ತಾನಾಗಿಯೇ ಎಚ್ಚರಿಸುತ್ತದೆ. ಪ್ರೊಮಿಥಿಯಸ್‌ನಲ್ಲಿ ಮೆಟ್ರಿಕ್ ಮಾಯವಾದರೆ ಸಾಮಾನ್ಯ ರೂಲ್ ಸುಮ್ನೆ ಇದ್ದುಬಿಡುತ್ತದೆ. ಅದಕ್ಕೆ ‘ಆಬ್ಸೆಂಟ್’ ಫಂಕ್ಷನ್ ಹಾಕಿ ಇನ್ನೊಂದು ರೂಲ್ ಬೇಕು. ಪ್ರೊಮಿಥಿಯಸ್ ಆರಿಸಿಕೊಂಡರೆ ನಿಮ್ಮ ಮೊದಲ ರೂಲ್ ಅದೇ ಆಗಿರಲಿ.