ಪ್ರಾಥಮಿಕ ಶಾಲೆಗೆ ಎರಡು ಸಾಲು ರೀಡಿನ ಸಾದಾ ಹಾರ್ಮೋನಿಯಂ: ಕೊಳ್ಳಬಹುದೇ?

ಶಾಲೆಗೆ ಒಂದು ಹಾರ್ಮೋನಿಯಂ ಬೇಕು ಅಂದರೆ ದಾವಣಗೆರೆಯ ಅಂಗಡಿಗಳಲ್ಲಿ ಮೊದಲು ಮುಂದೆ ಬರುವುದು ಮೂರು ಸಾಲು ರೀಡಿನ (ರೀಡು ಅಂದರೆ ಗಾಳಿಗೆ ಕಂಪಿಸಿ ನುಡಿಯುವ ಹಿತ್ತಾಳೆ ಪಟ್ಟಿ), ಸ್ಕೇಲ್ ಚೇಂಜರ್ (ಬೆರಳ ಜಾಗ ಬದಲಿಸದೆ ಶ್ರುತಿ ಬದಲಿಸುವ ಏರ್ಪಾಡು) ಇರುವ, ಪಾಲಿಶ್ ಮಿರಿಮಿರಿ ಹೊಳೆಯುವ ಪೆಟ್ಟಿಗೆ. ಅದನ್ನು ಪಕ್ಕಕ್ಕೆ ಇಡಿಸಿ. ಕೆಳಗಿನ ಹಲಗೆಯ ಮೇಲೆ 39 ಮನೆಯ (ಮನೆ ಅಂದರೆ ಬೆರಳಿಂದ ಒತ್ತುವ ಕೀ), ಎರಡು ಸಾಲು ರೀಡಿನ (ಕೆಳ ಸ್ಥಾಯಿಯ ‘ಬಾಸ್’, ಅದಕ್ಕಿಂತ ಒಂದು ಸ್ಥಾಯಿ ಮೇಲಿನ ‘ಮೇಲ್’, ಇಂಗ್ಲಿಷಿನ male) ಸಾದಾ ಪೆಟ್ಟಿಗೆ ಇರುತ್ತದೆ, ಅದನ್ನು ತೆಗೆಸಿ. ಒಂದರಿಂದ ಏಳನೇ ತರಗತಿವರೆಗಿನ ಶಾಲೆಗೆ ಅದೇ ಸರಿಯಾದ ವಾದ್ಯ. ಹತ್ತು ಕೆಜಿ ಆಸುಪಾಸು ತೂಕ. ಆರನೇ ತರಗತಿಯ ಇಬ್ಬರು ಮಕ್ಕಳು ಹಿಡಿದು ಪ್ರಾರ್ಥನೆಯ ಅಂಗಳಕ್ಕೆ ತರಬಲ್ಲರು. ಸ್ಕೇಲ್ ಚೇಂಜರ್ ಪೆಟ್ಟಿಗೆ ಇದಕ್ಕಿಂತ ಬಹಳ ಭಾರ. ಹಾಗಾಗಿ ಅದು ಆಫೀಸ್ ರೂಮಿನಿಂದ ಹೊರಗೆ ಬರುವುದು ಆಗಸ್ಟ್ 15ಕ್ಕೆ ಮತ್ತು ಜನವರಿ 26ಕ್ಕೆ ಮಾತ್ರ.

ಸ್ಕೇಲ್ ಚೇಂಜರ್ ಬೇಡ ಅನ್ನಲು ತೂಕಕ್ಕಿಂತ ದೊಡ್ಡ ಕಾರಣವಿದೆ. ಅದರಲ್ಲಿ ಮನೆಗಳ ಚೌಕಟ್ಟು ಇಡಿಯಾಗಿ ಎಡಕ್ಕೆ ಬಲಕ್ಕೆ ಜರುಗುತ್ತದೆ. ಜರುಗಿದ ಜಾಗದಲ್ಲಿ ಪ್ರತಿ ಮನೆಯೂ ತನ್ನ ಕೆಳಗಿನ ಕವಾಟದ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಜಾಡಿನಲ್ಲಿ ಸೀಮೆಸುಣ್ಣದ ಪುಡಿ ಸೇರಿತೋ, ಅರ್ಧ ಕೂತ ಮನೆ ಒಂದೋ ನುಡಿಯುವುದಿಲ್ಲ, ಇಲ್ಲವೇ ಪಕ್ಕದ ಸ್ವರವನ್ನೂ ಎಳೆದುಕೊಂಡು ನುಡಿಯುತ್ತದೆ. "ಟೀಚರಿಗೆ ಬಿಳಿ ಒಂದರಿಂದ ಬಿಟ್ಟರೆ ಬೇರೆ ಕಡೆಯಿಂದ ನುಡಿಸಲು ಬರುವುದಿಲ್ಲ, ಅದಕ್ಕೇ ಬೇಕು" ಎನ್ನುವ ವಾದವಿದೆ. (ಎರಡು ಕರಿ ಮನೆಗಳ ಗುಂಪಿಗೆ ಎಡಗಡೆ ಇರುವ ಬಿಳಿ ಮನೆ, ಅಂದರೆ ‘ಸಿ’, ಬಿಳಿ ಒಂದು. ಅಲ್ಲಿಂದ ಬಲಕ್ಕೆ ಬಿಳಿ ಏಳರವರೆಗೆ, ಕರಿ ಐದರವರೆಗೆ ಎಣಿಕೆ.) ಶಾಲೆಯ ಹಾಡುಗಳಿಗೆ ಅಷ್ಟು ವಿದ್ಯೆಯೇನೂ ಬೇಡ. ಬಿಳಿ ನಾಲ್ಕನ್ನು ಸ ಮಾಡಿಕೊಂಡರೆ ಶಂಕರಾಭರಣ ರಾಗದ (ಹಿಂದೂಸ್ತಾನಿಯವರಿಗೆ ಬಿಲಾವಲ್) ಸ್ವರಗಳಿಗೆ ಸೇರುವುದು ಒಂದೇ ಕರಿ ಮನೆ: ಕರಿ ಐದು, ಅದು ಮ. ಬಿಳಿ ಎರಡನ್ನು ಸ ಮಾಡಿಕೊಂಡರೆ ಎರಡು: ಗ ಜಾಗಕ್ಕೆ ಕರಿ ಮೂರು, ನಿ ಜಾಗಕ್ಕೆ ಕರಿ ಒಂದು. ಮೋಹನ ರಾಗದ ಐದು ಸ್ವರಗಳಾದರೆ ಬಿಳಿ ಒಂದರಿಂದಲೂ ಬಿಳಿ ನಾಲ್ಕರಿಂದಲೂ ಕರಿ ಮನೆ ಮುಟ್ಟುವ ಅಗತ್ಯವೇ ಇಲ್ಲ. ಒಂದೆರಡು ವಾರದ ಅಭ್ಯಾಸ ಇಷ್ಟಕ್ಕೆ ಸಾಕು.

ಈ ಪೆಟ್ಟಿಗೆಯ ನಿಜವಾದ ಸಮಸ್ಯೆ ಇರುವುದು ಬಾಸ್ ಸಾಲಿನಲ್ಲಿ. ಅಂಗಡಿಯಲ್ಲಿ ಎರಡೂ ಸಾಲು ತೆರೆದು ನುಡಿಸಿ ತೋರಿಸುತ್ತಾರೆ, ತುಂಬಿದ ನಾದ ಕೇಳಿ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೆಲ್ಲ ತಲೆದೂಗುತ್ತಾರೆ. ತರಗತಿಯಲ್ಲಿ ಅದೇ ನಾದ ಮಕ್ಕಳನ್ನು ಕೆಡಿಸುತ್ತದೆ. ಬಾಸ್ ರೀಡು ಒಂದು ಸ್ಥಾಯಿ ಕೆಳಗೆ ನುಡಿಯುವುದರಿಂದ ಎರಡು, ಮೂರನೇ ತರಗತಿಯ ಮಕ್ಕಳಲ್ಲಿ ಕೆಲವರು ಅದನ್ನೇ ಹಿಡಿಯಲು ಹೋಗುತ್ತಾರೆ. ಅವರ ಗಂಟಲಿಗೆ ಆ ಸ್ವರ ಇಲ್ಲ. ಹಾಗಾಗಿ ಕೆಳಗೇ ಎಲ್ಲೋ ಒಂದು ಸ್ವರದಲ್ಲಿ ಗೊರಗೊರ ಅನ್ನುತ್ತ ಕೂರುತ್ತಾರೆ. "ಇವನಿಗೆ ಶ್ರುತಿಯೇ ಇಲ್ಲ" ಎಂದು ಹಿಂದಿನ ಸಾಲಿಗೆ ತಳ್ಳಿಸಿಕೊಂಡ ಮಕ್ಕಳಲ್ಲಿ ಅನೇಕರು ಇಂಥವರೇ. ಗಂಡು ಮೇಷ್ಟರು ತಮ್ಮ ಶ್ರುತಿಯಲ್ಲಿ ಹಾಡಿ ತೋರಿಸಿದಾಗಲೂ ಆಗುವುದು ಇದೇ.

ಪರಿಹಾರಕ್ಕೆ ದುಡ್ಡು ಬೇಡ. ಪೆಟ್ಟಿಗೆಯ ಮುಂಭಾಗದ ಗುಬುಟುಗಳಲ್ಲಿ (ಎಳೆದರೆ ರೀಡಿನ ಸಾಲಿಗೆ ಗಾಳಿ ಬಿಡುವ ಹಿಡಿಗಳು) ಯಾವುದು ಯಾವ ಸಾಲಿನದು ಎಂದು ಮೊದಲು ಪತ್ತೆ ಮಾಡಬೇಕು, ಏಕೆಂದರೆ ಒಬ್ಬೊಬ್ಬ ತಯಾರಕರು ಒಂದೊಂದು ಕಡೆ ಇಟ್ಟಿರುತ್ತಾರೆ. ಕೆಲವು ಗುಬುಟು ಒಂದೇ ಸ್ವರ ಎಳೆಯುವ ಡ್ರೋನಿನವು, ಕೆಲವು ಪೆಟ್ಟಿಗೆಗಳಲ್ಲಿ ಒಂದೆರಡು ಬರೀ ಅಲಂಕಾರಕ್ಕೆ ಇರುತ್ತವೆ! ಒಂದೊಂದನ್ನೇ ಎಳೆದು, ಎಡದಿಂದ ಎರಡನೇ ಬಿಳಿ ಒಂದನ್ನು ಒತ್ತಿ, ಮೊಬೈಲಿನ ಟ್ಯೂನರ್ ಆ್ಯಪ್ ನೋಡಿ. 'ಸಿ4', ಅಂದರೆ 261.6 ಹರ್ಟ್ಸ್ ಹತ್ತಿರ ತೋರಿಸಿದರೆ ಅದು ಮೇಲ್ ಸಾಲು. 'ಸಿ3' ತೋರಿಸಿದರೆ ಬಾಸ್. ಮೇಲ್ ಗುಬುಟಿಗೆ ಒಂದು ತೊಟ್ಟು ಕೆಂಪು ಉಗುರುಬಣ್ಣ ಹಚ್ಚಿ. ಮಕ್ಕಳ ಜೊತೆ ಹಾಡುವಾಗ ಅದೊಂದೇ ತೆರೆದಿರಲಿ.

ಇನ್ನು ಶ್ರುತಿ ಆರಿಸುವ ಕ್ರಮ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಮೇಲ್ ಸಾಲಿನಲ್ಲಿ, ಆ ಎರಡನೇ ಬಿಳಿ ಒಂದರ ಪಕ್ಕದ ಬಿಳಿ ಎರಡರಿಂದ ಬಿಳಿ ಆರರವರೆಗೆ ಹಾಡುವುದು ಸಲೀಸು. ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಅದೇ ಬಿಳಿ ಒಂದರಿಂದ ಮುಂದಿನ ಸ್ಥಾಯಿಯ ಬಿಳಿ ಎರಡರವರೆಗೆ ನಡೆಯುತ್ತದೆ. ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನೂ ಗುರುತು ಹಾಕಿಕೊಂಡು ಈ ಅಳತೆಯೊಳಗೆ ಕೂರಿಸಬೇಕು. ಹಾಡು ಸ–ಪ ನಡುವೆಯೇ ತಿರುಗುವುದಾದರೆ ಚಿಕ್ಕವರಿಗೆ ಬಿಳಿ ಎರಡು ಸ. ಮಂದ್ರದ (ಕೆಳ ಸ್ಥಾಯಿಯ) ‘ಪ’ದಿಂದ ಮಧ್ಯ ಸ್ಥಾಯಿಯ ‘ಪ’ವರೆಗೆ ಹೋಗುವ ಹಾಡಿಗೆ ಬಿಳಿ ನಾಲ್ಕು, ಇದು ದೊಡ್ಡವರಿಗೆ. ‘ಸ’ದಿಂದ ಮೇಲಿನ ‘ಸ’ವರೆಗೆ ಏರುವುದಕ್ಕೆ ಬಿಳಿ ಒಂದು ಅಥವಾ ಎರಡು, ಅದೂ ದೊಡ್ಡ ತರಗತಿಗಳಿಗೆ. ಚಳ್ಳಕೆರೆ, ಹಿರಿಯೂರು ಸೀಮೆಯ ಕಾಡುಗೊಲ್ಲರ ಪದಗಳಲ್ಲಿ, ಕೋಲಾಟದ ಪದಗಳಲ್ಲಿ ನಾಲ್ಕೈದು ಸ್ವರಗಳಲ್ಲೇ ಮುಗಿಯುವಂಥವು ಬೇಕಾದಷ್ಟು ಸಿಗುತ್ತವೆ. ಸಿನಿಮಾ ಹಾಡಿಗಿಂತ ಅವು ಸಣ್ಣ ಮಕ್ಕಳ ಗಂಟಲಿಗೆ ಎಷ್ಟೋ ಮೇಲು.

ಬೆಳಗಿನ ಪ್ರಾರ್ಥನೆಗೂ ಇದೇ ಲೆಕ್ಕ. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ನಿಗದಿ ಮಾಡಿತು. ಶ್ರುತಿ ಮಾತ್ರ ಮುಂದೆ ನಿಂತ ಹುಡುಗಿ ಎತ್ತಿಕೊಂಡಿದ್ದೇ ಆಗುತ್ತದೆ. ಮೊದಲ ಸಾಲು ಎತ್ತರಕ್ಕೆ ಹೋದರೆ ಉಳಿದ ಅಷ್ಟೂ ಹೊತ್ತು ಕಿರುಚಾಟವೇ. ಹಾರ್ಮೋನಿಯಂ ಪೂರ್ತಿ ನುಡಿಸಲು ಬಾರದಿದ್ದರೂ ಪರವಾಗಿಲ್ಲ. ಸ ಒತ್ತಿ ಹಿಡಿದು, ಎಲ್ಲರೂ ಬಾಯಿ ಮುಚ್ಚಿ ಅದನ್ನು ಗುನುಗಿಸಿ, ಆಮೇಲೆ ಶುರು ಮಾಡಿಸಿದರೆ ಅರ್ಧ ಕೆಲಸ ಆದಂತೆ.

ಮಕ್ಕಳ ಕೈಗೆ ಪೆಟ್ಟಿಗೆ ಕೊಡಬೇಕೇ? ಕೊಡಲೇಬೇಕು, ಸಾದಾ ಪೆಟ್ಟಿಗೆ ತೆಗೆದುಕೊಳ್ಳುವುದೇ ಅದಕ್ಕೆ. ಒಬ್ಬರು ತಿದಿ ಒತ್ತಲಿ, ಇನ್ನೊಬ್ಬರು ಕರಿ ಮನೆಗಳನ್ನು ಮಾತ್ರ ಮುಟ್ಟಲಿ. ಕರಿ ಮೂರರಿಂದ ಹಿಡಿದರೆ ಆ ಐದೂ ಕರಿ ಮನೆಗಳು ಮೋಹನದ ಸ ರಿ ಗ ಪ ದ. ಯಾವುದನ್ನು ಒತ್ತಿದರೂ ಅಪಸ್ವರ ಆಗುವುದಿಲ್ಲ. ಉಳಿದವರು ದಮ್ಮಡಿಯಲ್ಲೋ ಬೆಂಚಿನ ಮೇಲೋ ನಾಲ್ಕರ ಎಣಿಕೆ ತಟ್ಟಲಿ. ನಲಿ-ಕಲಿ ತರಗತಿಯಲ್ಲೂ ಶನಿವಾರದ ಬ್ಯಾಗಿಲ್ಲದ ದಿನದಲ್ಲೂ ಸಲೀಸಾಗಿ ಮಾಡಿಸಬಹುದು. ತಿದಿಯನ್ನು ಪೂರ್ತಿ ಎಳೆದು ಢಬ್ ಎಂದು ಒತ್ತದೆ, ಅರ್ಧ ತೆರೆದು ಮೆತ್ತಗೆ ಒತ್ತುವುದನ್ನು ಮೊದಲ ದಿನವೇ ಕಲಿಸಿ. ಜೋರಾಗಿ ಒತ್ತಿದರೆ ಮಡಿಕೆಯ ಮೂಲೆಗಳು ಬೇಗ ಹರಿಯುತ್ತವೆ.

ಅಂಗಡಿಯಲ್ಲೇ ನೋಡಬೇಕಾದ್ದು ಕೆಲವಿದೆ. ಡ್ರೋನಿನವು ಬಿಟ್ಟು ಉಳಿದ ಗುಬುಟು ತೆರೆದು, ಮನೆ ಒತ್ತದೆ ತಿದಿ ಒತ್ತಿ. ಒಳಗಿನ ತಿದಿ ತುಂಬಿದ ಮೇಲೆ ಕೈಗೆ ಗಟ್ಟಿಯಾಗಿ ಎದುರು ಒತ್ತಬೇಕು. ಸುಯ್ ಎಂದು ಗಾಳಿ ಹೋದರೆ ಅಥವಾ ಯಾವುದೋ ಸ್ವರ ತಾನಾಗಿ ಕ್ಷೀಣವಾಗಿ ನುಡಿದರೆ ಕವಾಟ ಸರಿಯಾಗಿ ಕೂತಿಲ್ಲ. ಆಮೇಲೆ ಮೇಲ್ ಸಾಲೊಂದನ್ನೇ ತೆರೆದು, ತಿದಿ ತುಂಬಿಸಿ, ನಡುವಿನ ಒಂದು ಸ್ವರ ಹಿಡಿಯಿರಿ. ಹದಿನೈದು ಸೆಕೆಂಡಿನೊಳಗೆ ಉಸಿರು ಬಿಟ್ಟರೆ ಆ ಪೆಟ್ಟಿಗೆ ಬೇಡ. ಮೂರನೆಯದು, ಪ್ರತಿ ಮನೆಯನ್ನೂ ಕಡಿಮೆ ಗಾಳಿಯಲ್ಲಿ ಒಂದೊಂದಾಗಿ ಒತ್ತಬೇಕು, ತಡವಾಗಿ ಬಾಯಿ ಬಿಡುವ ರೀಡು ಆಗ ಸಿಕ್ಕಿಬೀಳುತ್ತದೆ. ಕೊನೆಗೆ ಸ ಮತ್ತು ಮೇಲಿನ ಸ ಒಟ್ಟಿಗೆ ಒತ್ತಿ. ನಾದ ಅಲೆಅಲೆಯಾಗಿ ಬಂದರೆ ಶ್ರುತಿ ಕೂಡಿಲ್ಲ. "ಜರ್ಮನ್ ರೀಡು ಸರ್" ಎಂದು ರೇಟು ಏರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗುಜರಾತಿನ ಪಾಲಿತಾಣಾದ ರೀಡು ಶಾಲೆಗೆ ಧಾರಾಳವಾಯಿತು.

ನಮ್ಮ ಹವೆಯಲ್ಲಿ ಕೆಡುವುದು ಹೀಗೆ. ಮೊಳಕಾಲ್ಮುರು, ಜಗಳೂರು ಕಡೆಯ ಬೇಸಿಗೆಗೆ ಮರ ಕುಗ್ಗಿ ಗಾಳಿ ಸೋರುತ್ತದೆ. ಚನ್ನಗಿರಿ, ಹೊನ್ನಾಳಿಯ ಮಳೆಗಾಲಕ್ಕೆ ಮನೆಗಳು ಉಬ್ಬಿ ಒತ್ತಿದ್ದು ಮೇಲೇಳುವುದಿಲ್ಲ. ಏಪ್ರಿಲ್–ಮೇ ರಜೆಯಲ್ಲಿ ಬೀರುವಿನ ಕೆಳಗೆ ಇಟ್ಟರೆ ಇಲಿಗೆ ಚರ್ಮ, ಫೆಲ್ಟ್ ಬಟ್ಟೆ ಎರಡೂ ಊಟ. ಕುಂಬಾರ ಹುಳ ಗುಬುಟಿನ ಸಂದಿಯಿಂದ ಹೊಕ್ಕು ಒಳಗೆ ಮಣ್ಣಿನ ಗೂಡು ಕಟ್ಟುವುದೂ ಉಂಟು. ಜೂನ್‌ನಲ್ಲಿ ತೆರೆದಾಗ ಒಂದು ಸ್ವರ ಮೂಕವಾಗಿದ್ದರೆ ರೀಡು ಮುರಿದಿದೆ ಅಂದುಕೊಳ್ಳುವ ಮುಂಚೆ ಒಳಗೆ ಇಣುಕಿ ನೋಡಿ. ರಜೆಗೆ ಮುನ್ನ ಎಲ್ಲಾ ಗುಬುಟು ಒಳಕ್ಕೆ ತಳ್ಳಿ, ತಿದಿಯ ಕೊಂಡಿ ಹಾಕಿ, ದಪ್ಪ ಬಟ್ಟೆ ಸುತ್ತಿ ಬೀರುವಿನ ಒಳಗೇ ಇಡಬೇಕು.

ರೀಡಿನಲ್ಲಿ ಧೂಳು ಕೂತು ಸ್ವರ ಕಟ್ಟಿದ್ದರೆ ಮೆತ್ತನೆಯ ಬ್ರಷ್ ಸಾಕು. ಬೆರಳು ತಾಗಿಸಬಾರದು, ಬೆವರಿಗೆ ಹಿತ್ತಾಳೆ ಹಸಿರುಗಟ್ಟುತ್ತದೆ. ಶ್ರುತಿ ಕೂಡಿಸುವ ಕೆಲಸ ಮಾತ್ರ ಬಲ್ಲವರದು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಕೆರೆದ ಲೋಹ ಮತ್ತೆ ಬರುವುದಿಲ್ಲ. ಬರೀ ಧೂಳಿಗೆ ಅರ ಹಿಡಿಯುವ ರಿಪೇರಿಯವರ ಕೈಗೆ ಕೊಡಬೇಡಿ.

ಇದರಿಂದ ಆಗದ್ದೂ ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವುದು, ಅಂದರೆ ಗಮಕ, ಇದರಲ್ಲಿ ಬರುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಹೇಳುತ್ತಿದ್ದ ಆಕ್ಷೇಪಗಳಲ್ಲಿ ಇದೂ ಒಂದು. ಹಾಗಾಗಿ ವಚನ, ತತ್ವಪದಗಳ ಎಳೆತವನ್ನು ಬಾಯಲ್ಲೇ ಹೇಳಿಕೊಡಬೇಕು. ಪೆಟ್ಟಿಗೆ ಸ–ಪ ಹಿಡಿದುಕೊಂಡಿರಲಿ. ಮೊಬೈಲಿನ ತಂಬೂರಿ ಆ್ಯಪ್ ಶ್ರುತಿಗೆ ಚೆನ್ನಾಗಿಯೇ ಇದೆ, ಆದರೆ ನಲವತ್ತು ಮಕ್ಕಳ ನಡುವೆ ಸ್ಪೀಕರ್ ಬೇಕು, ಸ್ಪೀಕರಿಗೆ ಚಾರ್ಜ್ ಬೇಕು. ಸಣ್ಣ ಕೀಬೋರ್ಡು ಅಗ್ಗ, ಶ್ರುತಿ ಕೆಡುವುದಿಲ್ಲ. ಆದರೆ ಮಕ್ಕಳು ಹಾಡು ಬಿಟ್ಟು ನಾಯಿ ಬೊಗಳುವ ಬಟನ್ ಹುಡುಕುತ್ತಾರೆ.

ಸಾದಾ ಪೆಟ್ಟಿಗೆ ಸಾಮಾನ್ಯವಾಗಿ ₹10,000ರಿಂದ ₹15,000ದ ಆಸುಪಾಸು, ಸ್ಕೇಲ್ ಚೇಂಜರಿನದು ಸುಲಭವಾಗಿ ₹20,000 ದಾಟುತ್ತದೆ. ಉಳಿದ ದುಡ್ಡಿಗೆ ನಾಲ್ಕು ಜೊತೆ ತಾಳ, ಎರಡು ದಮ್ಮಡಿ, ಹಾರ್ಮೋನಿಯಂ ಇಡಲು ಒಂದು ಗಟ್ಟಿ ಮರದ ಪೆಟ್ಟಿಗೆ ಬರುತ್ತದೆ. ಬಿಲ್ಲಿನಲ್ಲಿ ರೀಡಿನ ಸಾಲು, ಮನೆಗಳ ಸಂಖ್ಯೆ, ಒಂದು ವರ್ಷದೊಳಗೆ ಒಮ್ಮೆ ಪುಕ್ಕಟೆ ಶ್ರುತಿ ಮಾಡಿಕೊಡುವ ಮಾತು, ಮೂರನ್ನೂ ಬರೆಸಿಕೊಳ್ಳಿ. ಬಸ್ಸಿನ ಟಾಪಿಗೆ ಹಾಕಿಸಬೇಡಿ, ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ತನ್ನಿ.